ಬಾಣವಿಲ್ಲದ ಕಾಡು

"ಈ ಬಾಣ ಇಟ್ಟೋರು ಯಾರ್ರೀ? ಅವರ ಮುಖ ಒಂದ್ಸಲ ನೋಡ್ಬೇಕು ನಂಗೆ!"

ಗೇಮ್ ಕಂಪನಿಯ ಪುಟ್ಟ ಕೋಣೆಯಲ್ಲಿ ಹಲ್ಲಿನ ಡಾಕ್ಟರಮ್ಮ ಕಂಟ್ರೋಲರ್ ಕೆಳಗಿಟ್ಟು ಹಿಂದಕ್ಕೆ ತಿರುಗಿದಳು. ಹೊಸ ಗೇಮನ್ನು ಆಡಿ ನೋಡಿ ಹೇಳಲು ಅವಳನ್ನು ಕರೆಸಿದ್ದರು.

ಹಿಂದಿನ ಕುರ್ಚಿಯಲ್ಲಿದ್ದ, ಗೇಮ್ ಮಾಡಿದ ಯುವಕ ತುಟಿ ಬಿಚ್ಚಲಿಲ್ಲ. 'ಎಷ್ಟು ಜಂಬ ನೋಡು...' ಎಂದುಕೊಂಡಳು.

ಸಿಟ್ಟು ಸುಮ್ಮನೆ ಬಂದದ್ದಲ್ಲ. ಚಿಕ್ಕಂದಿನಲ್ಲಿ ಈ ಗೇಮಿನ ಮೊದಲ ಭಾಗದ ಕಾಡಿನಲ್ಲಿ ಅವಳೂ ಅಣ್ಣನೂ ರಜೆಯಿಡೀ ದಾರಿ ತಪ್ಪಿ ಅಲೆದಿದ್ದರು, ಜುಟ್ಟು ಹಿಡಿದು ಜಗಳವಾಡಿದ್ದರು. ಕೊನೆಗೆ ಜಲಪಾತದ ಹಿಂದಿನ ಊರು ಸಿಕ್ಕಾಗ ಮಂಚದ ಮೇಲೆ ಕುಣಿದಿದ್ದರು. ಮೂರನೆಯ ಭಾಗದಲ್ಲಿ ಬಂತು ನೋಡಿ ದಾರಿ ತೋರಿಸುವ ಈ ಹಾಳು ಹಳದಿ ಬಾಣ! ಎಡಕ್ಕೆ ಹೋಗು, ಬಲಕ್ಕೆ ತಿರುಗು... ಅಣ್ಣ ಆಡುವುದನ್ನೇ ಬಿಟ್ಟ. ಈ ಆರನೆಯದರಲ್ಲೂ ಅದೇ ಗೋಳು.

ಬಾಗಿಲಲ್ಲಿದ್ದ ಮ್ಯಾನೇಜರ್ ನಕ್ಕರು. ಹೊರಗಿನವರು ಆಡುವಾಗ ಗೇಮ್ ಮಾಡಿದವರು ಮಾತಾಡುವ ಹಾಗಿಲ್ಲ, ಅದಕ್ಕೇ ಅವನು ಮೂಕನಾಗಿದ್ದಾನೆ ಎಂದರು. ಬಾಣ ಇಡಿಸಿದ್ದು ತಾನು, ಅದನ್ನು ತೆಗೆಯಿರಿ ಎಂದು ಅವನೇ ದಿನಾ ತನ್ನ ತಲೆ ತಿನ್ನುತ್ತಾನೆ ಎಂದೂ ಹೇಳಿದರು.

ಅಯ್ಯೋ... ಇಷ್ಟು ಹೊತ್ತು ಜಂಬದವನೆಂದು ಬೈದುಕೊಂಡದ್ದು ಬಾಣ ಬೇಡವೆಂದ ಇವನನ್ನಾ? ಅವಳಿಗೆ ಮುಖ ಎಲ್ಲಿಡಲಿ ಅನ್ನಿಸಿತು.

"ಬಾಣ ತೆಗೆದು ಕೊಡಿ ಸರ್. ನಾನು ಕೊನೆ ಮುಟ್ಟಿದ್ರೆ ಗೇಮ್ ಹಾಗೇ ಮಾರಾಟಕ್ಕೆ ಬರ್ಬೇಕು."

ಮ್ಯಾನೇಜರ್ ಒಪ್ಪಿದರು. ಆದರೆ ಮಧ್ಯದಲ್ಲಿ ಕೈಚೆಲ್ಲಿದರೆ ಬಾಣ ಉಳಿಯುತ್ತದೆ, ಯಾರೂ ಸುಳಿವು ಕೊಡಕೂಡದು ಎಂದರು.

ಕ್ಲಿನಿಕ್ ಮುಗಿಸಿ ಅವಳು ದಿನವೂ ಬಂದಳು. ಅವನು ದಿನವೂ ಹಿಂದೆ ಕೂತ. ಪರದೆ ಕಪ್ಪಾದಾಗೆಲ್ಲ ಅದರಲ್ಲಿ ಅವನ ಮುಖ ಕಾಣುತ್ತಿತ್ತು. ಅವಳು ನಕ್ಕರೆ ಅವನೂ ಸದ್ದಿಲ್ಲದೆ ನಗುತ್ತಿದ್ದ. ಅವಳಿಗೆ ಆ ನಗು ಇಷ್ಟವಾಗತೊಡಗಿತು.

ಕೊನೆಯ ದಿನ ಮುರಿದ ಸೇತುವೆಯ ಬಳಿ ಸಿಕ್ಕಿಹಾಕಿಕೊಂಡಳು. ಎತ್ತ ಹೋದರೂ ಮತ್ತೆ ಅಲ್ಲಿಗೇ! ಸೋತು ತಿರುಗಿದಳು. ಒಂದು ಕಣ್ಸನ್ನೆ ಸಾಕಿತ್ತು. ಅವನು ಕಣ್ಣು ಮುಚ್ಚಿಕೊಂಡ.

ಅವಳೂ ಮುಚ್ಚಿಕೊಂಡಳು. ಆಗ ಕೇಳಿಸಿತು... ದೂರದಲ್ಲಿ, ಸಣ್ಣಗೆ, ನೀರು ಬೀಳುವ ಸದ್ದು!

ಸದ್ದಿನ ಬೆನ್ನು ಹತ್ತಿದಳು. ಜಲಪಾತ ದಾಟಿದಳು. ಅದರ ಹಿಂದೆ ಊರು, ಅದೇ ಗೇಮಿನ ಕೊನೆ! ತಕ್ಷಣ ಅಣ್ಣನಿಗೆ ಫೋನ್ ಮಾಡಿದಳು. "ಅಣ್ಣಾ, ನಮ್ಮ ಕಾಡು ವಾಪಸ್ ಬಂತು ಕಣೋ!"

ಮ್ಯಾನೇಜರ್ ಸೋಲೊಪ್ಪಿಕೊಂಡು ಬಾಣ ತೆಗೆಯಲು ಹೇಳಿ ಹೊರಟರು.

ಅವಳು ಅವನ ಕಡೆ ತಿರುಗಿದಳು. "ಈಗ ಮಾತಾಡ್ಬಹುದಲ್ಲ? ಕಣ್ಣು ಮುಚ್ಚಿದ್ದು ಸುಳಿವಾ?"

"ಇಲ್ಲ ಡಾಕ್ಟ್ರೇ. ನಿಮ್ಮನ್ನ ನೋಡ್ತಾ ಇದ್ರೆ ಎಲ್ಲಾ ಹೇಳಿಬಿಡ್ತಿದ್ದೆ."

"ಎಲ್ಲಾ ಅಂದ್ರೆ... ದಾರೀನಾ?"

"ದಾರೀನೂ. ನೀವಂದ್ರೆ ನಂಗೆ ಇಷ್ಟ ಅನ್ನೋದನ್ನೂ."

ಅವಳ ಕಣ್ಣು ತುಂಬಿತು, ನಗುವೂ ಬಂತು. "ಅದನ್ನ ನಾನು ಆಗಲೇ ಹುಡುಕ್ಕೊಂಡಿದ್ದೆ ಕಣ್ರೀ... ಬಾಣ ಇಲ್ದೇನೇ!"