ಹ್ಯಾಂಗರಿನಿಂದ ಕಾಣೆಯಾದ ನಾಲ್ಕು ಟ್ಯಾಬ್ಲೆಟ್

ಶನಿವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ಹಾರಾಟ ತರಬೇತಿ ಕ್ಲಬ್ಬಿನ ಕಾರ್ಯದರ್ಶಿ ತಲೆ ಬಗ್ಗಿಸಿಕೊಂಡು ಠಾಣೆಯೊಳಗೆ ಬಂದರು. ವಿನಯದಿಂದಲ್ಲ, ಠಾಣೆಯ ಬಾಗಿಲು ಅವರ ಎತ್ತರಕ್ಕೆ ಸಾಲದು. ಕೂರಲು ಹೇಳುವ ಮೊದಲೇ ಕೂತು, ದೂರಿನ ಅರ್ಜಿಯನ್ನು ಇನ್ಸ್‌ಪೆಕ್ಟರ್ ಮುಂದೆ ತಳ್ಳಿದರು.

ವಿಷಯ ಇಷ್ಟು. ಕ್ಲಬ್ಬಿನ ಹ್ಯಾಂಗರಿನಲ್ಲಿ ನಾಲ್ಕು ಪುಟ್ಟ ತರಬೇತಿ ವಿಮಾನಗಳಿವೆ. ನಾಲ್ಕರ ಕಾಕ್‌ಪಿಟ್ಟಿನಲ್ಲೂ ಒಂದೊಂದು ಹೊಸ ಟ್ಯಾಬ್ಲೆಟ್ ಕೂರಿಸಲಾಗಿತ್ತು. ಶುಕ್ರವಾರ ಸಂಜೆ ಇದ್ದವು, ಶನಿವಾರ ಬೆಳಿಗ್ಗೆ ಇಲ್ಲ. ಅವುಗಳನ್ನು ಹಿಡಿದಿಡುವ ಕ್ಲಾಂಪುಗಳೂ ಇಲ್ಲ.

"ವಿಮಾನದಲ್ಲಿ ಟ್ಯಾಬ್ಲೆಟ್ ಯಾಕೆ ಸಾರ್? ಸಿನಿಮಾ ನೋಡೋಕಾ?" ಇನ್ಸ್‌ಪೆಕ್ಟರ್ ಕೇಳಿದರು.

"ನಕ್ಷೆ ನೋಡೋಕೆ. ಹಿಂದೆ ಕಾಗದದ ನಕ್ಷೆ ಮಡಚಿಕೊಂಡು ತೊಡೆ ಮೇಲೆ ಇಟ್ಕೊಳ್ತಿದ್ವಿ. ಈಗ ದಾರಿ, ಗಾಳಿ, ಇಳಿಯೋ ಜಾಗ ಎಲ್ಲಾ ಅದರಲ್ಲೇ. ಅಂಗಡೀಲಿ ಇದ್ದಿದ್ದರಲ್ಲಿ ಅತಿ ದೊಡ್ಡದು. ನಾನೇ ಆರಿಸಿದ್ದು."

"ಯಾರ ಮೇಲಾದ್ರೂ ಅನುಮಾನ?"

"ಅನುಮಾನ ಅಲ್ಲ, ಗ್ಯಾರಂಟಿ. ಒಬ್ಬಳು ವಿದ್ಯಾರ್ಥಿನಿ ಇದಾಳೆ, ಇಷ್ಟುದ್ದ." ಅವರು ಮೇಜಿಗಿಂತ ಸ್ವಲ್ಪ ಮೇಲೆ ಕೈ ಹಿಡಿದು ತೋರಿಸಿದರು. "ಹೋದ ತಿಂಗಳು ಇಳಿಸುವಾಗ ವಿಮಾನ ಕುಕ್ಕಿ ಮುಂದಿನ ಚಕ್ರ ಬಗ್ಗಿಸಿದಳು. ಕೇಳಿದ್ರೆ ಟ್ಯಾಬ್ಲೆಟ್ ಅಡ್ಡ ಬಂತು ಅಂತಾಳೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಸೋಮವಾರ ಬೆಳಿಗ್ಗೆ ಅವಳಿಗೆ ಕೊನೇ ಅವಕಾಶ. ಸರಿಯಾಗಿ ಇಳಿಸದೆ ಹೋದ್ರೆ ಗಂಟುಮೂಟೆ ಕಟ್ಟಬೇಕು. ಅದಕ್ಕೇ ಈ ಕೆಲಸ."

ಕಳವು ಎಂದು ಎಫ್‌ಐಆರ್ ದಾಖಲಾಯಿತು. ವಿಮೆಯವರಿಗೆ ಅದರ ಪ್ರತಿ ಬೇಕಿತ್ತು ಎಂಬುದನ್ನೂ ಕಾರ್ಯದರ್ಶಿ ಹೋಗುವ ಮುಂಚೆ ನೆನಪಿಸಿದರು.

ಹನ್ನೊಂದಕ್ಕೆ ಇನ್ಸ್‌ಪೆಕ್ಟರ್ ಹ್ಯಾಂಗರಿಗೆ ಹೋದರು. ಜೊತೆಗೆ ಠಾಣೆಯವರೆಲ್ಲ ಕಾಳುಮೆಣಸು ಎಂದು ಕರೆಯುವ ಮಹಿಳಾ ಪೇದೆ. ಆಕೆ ಇಲಾಖೆಯ ಎತ್ತರದ ಅಳತೆಯಲ್ಲಿ ಪಾಸಾದದ್ದು ತುರುಬಿನ ಪುಣ್ಯದಿಂದ ಎಂದು ಸಹೋದ್ಯೋಗಿಗಳು ಆಡಿಕೊಳ್ಳುತ್ತಿದ್ದರು. ಅವಳ ಎದುರಿಗೆ ಮಾತ್ರ ಯಾರೂ ಆಡುತ್ತಿರಲಿಲ್ಲ.

ತಗಡಿನ ಬಾಗಿಲಿನ ಬೀಗ ಒಡೆದಿರಲಿಲ್ಲ. ಕೀಲಿಕೈಗಳು ಮೂರು: ಒಂದು ಕಾರ್ಯದರ್ಶಿಯದು, ಒಂದು ಮೆಕ್ಯಾನಿಕ್ಕಿನದು, ಒಂದು ಹಿರಿಯ ಹಾರಾಟ ಶಿಕ್ಷಕಿಯದು. ವಿದ್ಯಾರ್ಥಿಗಳು ಈ ಶಿಕ್ಷಕಿಯನ್ನು ಟೀಚರಕ್ಕ ಎನ್ನುತ್ತಿದ್ದರು. ಅಂದು ಅವರು ರಜೆಯಲ್ಲಿದ್ದರು.

ಸ್ಥಳ ಪಂಚನಾಮೆ ಮೊದಲ ವಿಮಾನದಿಂದ ಶುರುವಾಯಿತು. ಕಾಕ್‌ಪಿಟ್ಟು ಹಳೆಯ ಸಣ್ಣ ಕಾರಿನಷ್ಟೇ ಇಕ್ಕಟ್ಟು. ಎಡ ಸೀಟಿನ ಮುಂದೆ ಅರ್ಧ ಕತ್ತರಿಸಿದ ಸ್ಟೀರಿಂಗಿನಂಥ ಹಿಡಿಕೆ. ಯೋಕ್ ಎನ್ನುತ್ತಾರೆ ಅದಕ್ಕೆ. ತಿರುಗಿಸಿದರೆ ವಿಮಾನ ವಾಲುತ್ತದೆ, ಎಳೆದರೆ ಮೂತಿ ಎತ್ತುತ್ತದೆ. ಟ್ಯಾಬ್ಲೆಟ್ ಕೂತಿದ್ದದ್ದು ಅದರ ಮೇಲೆ. ಸೀಟಿನ ಮೇಲೊಂದು ಪೇಪರ್ ಲೋಟ. ಅದರಲ್ಲಿ ಕ್ಲಾಂಪಿನ ಸ್ಕ್ರೂಗಳು, ವಾಷರುಗಳು, ಒಂದೂ ತಪ್ಪದೆ. ಯೋಕಿಗೆ ಕೆಂಪು ಪಟ್ಟಿಯ ಪಿನ್ನು ಚುಚ್ಚಿ ಅಲುಗಾಡದಂತೆ ಭದ್ರ ಮಾಡಲಾಗಿತ್ತು. ಉಳಿದ ಮೂರು ವಿಮಾನಗಳಲ್ಲೂ ಅದೇ ಲೋಟ, ಅದೇ ಪಿನ್ನು.

ಇನ್ಸ್‌ಪೆಕ್ಟರಿಗೆ ಇದು ವಿಚಿತ್ರವಾಗಿ ಕಂಡಿತು. ಅವರ ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಕದ್ದ ಮೇಲೆ ಜಾಗ ಚೊಕ್ಕಟ ಮಾಡಿ ಹೋದ ಕಳ್ಳನನ್ನು ಕಂಡಿರಲಿಲ್ಲ.

"ಕಳ್ಳನಿಗೆ ಸ್ಕ್ರೂ ಎತ್ತಿಡೋ ಕರ್ಮ ಯಾಕಪ್ಪಾ?" ಎಂದು ಮೆಕ್ಯಾನಿಕ್ಕನ್ನು ಕೇಳಿದರು.

"ಕಾಕ್‌ಪಿಟ್ಟಲ್ಲಿ ಒಂದು ಸ್ಕ್ರೂ ಬಿದ್ರೆ ಸಿಗೋವರೆಗೂ ನಾವು ಊಟ ಮಾಡಲ್ಲ ಸಾರ್. ಅದು ಉರುಳಿ ಪೆಡಲ್ ಕೆಳಗೆ ಸಿಕ್ಕಿಕೊಂಡ್ರೆ ಮೇಲೆ ಹೋದೋರು ಕೆಳಗೆ ಬರೋದು ಬೇರೆ ಥರ. ಕಾಕ್‌ಪಿಟ್ಟಿಂದ ಇಳಿಯುವಾಗ ಪಿನ್ ಹಾಕೋದೂ ಅಷ್ಟೆ. ಆ ಅಭ್ಯಾಸ ಕೈಗೆ ಅಂಟಿಬಿಟ್ಟಿರುತ್ತೆ."

"ಅಂದ್ರೆ ನಿಮ್ಮೋರೇ."

ಮೆಕ್ಯಾನಿಕ್ ಬಟ್ಟೆ ತುಂಡೊಂದನ್ನು ತೆಗೆದು ಕೈ ಒರೆಸತೊಡಗಿದ. ತಾನು ಹೆಚ್ಚು ಮಾತಾಡಿದೆ ಎಂದು ಅವನಿಗೆ ಆಗ ಹೊಳೆದಿರಬೇಕು.

ಇನ್ಸ್‌ಪೆಕ್ಟರ್ ಸೀಟಿನಲ್ಲಿ ಕೂರಲು ಹೋದರು. ಮಂಡಿ ಮುಂದಿನ ಫಲಕಕ್ಕೆ ಬಡಿದು, ಸಾಕ್ಷಿಗೆ ಬಂದ ಪಂಚರ ಮುಂದೆ ಆಡಬಾರದ ಮಾತೊಂದು ಬಾಯಿಂದ ಬಂತು. ಕಾಳುಮೆಣಸು ನಗು ನುಂಗಿಕೊಂಡು ತಾನು ಹತ್ತಿ ಕೂತಳು. "ಸಾರ್, ನಂಗೆ ಹೇಳಿ ಮಾಡಿಸಿದ ಹಾಗಿದೆ. ಕಾಲು ಪೆಡಲಿಗೆ ಸಲೀಸಾಗಿ ಸಿಗ್ತಿದೆ." ಕಂಬಿಯ ಮೇಲೆ ಜಾರುವ ಆ ಸೀಟನ್ನು ಯಾರೋ ಮುಂದಿನ ತುದಿಯವರೆಗೆ ಎಳೆದುಕೊಂಡಿದ್ದರು. ನಾಲ್ಕರಲ್ಲೂ ಹಾಗೆಯೇ ಇತ್ತು.

ಕಾರ್ಯದರ್ಶಿ ಕಂಬದಂತೆ ಉದ್ದ. ಮೆಕ್ಯಾನಿಕ್ ಅಡ್ಡಡ್ಡ ಬೆಳೆದವನು, ಸೀಟು ಮುಂದೆ ಮಾಡಿದರೆ ಉಸಿರಾಡಲಾರ.

"ನಿಮ್ಮ ಟೀಚರಕ್ಕ ಎಷ್ಟು ಎತ್ತರ?"

ಮೆಕ್ಯಾನಿಕ್ ಹ್ಯಾಂಗರಿನ ಸೂರು ನೋಡಿದ. "ನಾನು ಅಳತೆ ತಗೊಂಡಿಲ್ಲ ಸಾರ್."

ಆದರೂ ದೂರಿನಲ್ಲಿ ಹುಡುಗಿಯ ಮೇಲೆ ಬೆರಳು ತೋರಿಸಲಾಗಿತ್ತು. ಅವಳನ್ನು ವಿಚಾರಿಸದೆ ಬಿಡುವಂತಿರಲಿಲ್ಲ. ಮಧ್ಯಾಹ್ನ ಎರಡೂವರೆಗೆ ಅವಳ ಬಾಡಿಗೆ ಕೋಣೆಗೆ ಹೋದಾಗ ಬಾಗಿಲು ತೆರೆದೇ ಇತ್ತು. ಹುಡುಗಿ ಗೋಡೆಗೆ ಮುಖ ಮಾಡಿ ಕುರ್ಚಿಯಲ್ಲಿ ಕೂತು, ಊಟದ ತಟ್ಟೆಯೊಂದನ್ನು ಎರಡು ಕೈಯಲ್ಲಿ ಹಿಡಿದು, ನಿಧಾನವಾಗಿ ಹೊಟ್ಟೆಯ ಕಡೆಗೆ ಎಳೆದುಕೊಳ್ಳುತ್ತಿದ್ದಳು. ವಿಮಾನ ಸಿಗದ ದಿನ ಹೀಗೇ ಇಳಿಯುವುದನ್ನು ಅಭ್ಯಾಸ ಮಾಡುವುದಂತೆ.

"ಟ್ಯಾಬ್ಲೆಟ್ ನೀನು ತಗೊಂಡ್ಯಾ?"

"ಇಲ್ಲ ಸಾರ್. ಕಿತ್ತು ಬಿಸಾಕಬೇಕು ಅಂತ ಅನ್ನಿಸಿತ್ತು. ಬಿಸಾಕಲಿಲ್ಲ."

"ಅವತ್ತು ಏನಾಯ್ತು?"

"ಇಳಿಯುವಾಗ ಕೊನೇ ಗಳಿಗೇಲಿ ಯೋಕನ್ನ ಪೂರ್ತಿ ಹೊಟ್ಟೆ ಹತ್ರ ಎಳ್ಕೋಬೇಕು. ಆಗ ಹಿಂದಿನ ಚಕ್ರ ಮೊದಲು ನೆಲ ಮುಟ್ಟುತ್ತೆ. ನಾನು ಎಳೆದೆ. ಟ್ಯಾಬ್ಲೆಟ್ಟಿನ ಅಂಚು ಹೊಟ್ಟೆಗೆ ಒತ್ತಿ ಅಲ್ಲೇ ನಿಂತುಬಿಡ್ತು. ಮೂತಿ ಮೇಲೇಳಲೇ ಇಲ್ಲ."

"ಯಾರಿಗೆ ಹೇಳಿದೆ?"

"ಎಲ್ಲರಿಗೂ ಹೇಳಿದೆ. ಟೀಚರಕ್ಕ ಒಬ್ಬರೇ ನಂಬಿದ್ದು."

ಹೇಳಿಕೆ ಬರೆದುಕೊಂಡು ಹೊರಬಂದಾಗ ಕಾಳುಮೆಣಸು ಸಿಡಿಮಿಡಿ ಎನ್ನುತ್ತಿದ್ದಳು. "ಆ ಹುಡುಗಿ ಕದ್ದಿಲ್ಲ ಸಾರ್. ಕದ್ದೋರು ತಟ್ಟೆ ಹಿಡ್ಕೊಂಡು ಕೂರಲ್ಲ." ತನಿಖೆಯಲ್ಲಿ ಇಂಥ ಮಾತಿಗೆ ಬೆಲೆಯಿಲ್ಲ. ಹುಡುಗಿಗೆ ಕೀಲಿಕೈ ಇರಲಿಲ್ಲ ಎಂಬುದಕ್ಕೆ ಇದೆ. ಇನ್ಸ್‌ಪೆಕ್ಟರ್ ಬರೆದುಕೊಂಡದ್ದು ಅದನ್ನು.

ಭಾನುವಾರ ಹತ್ತು ಗಂಟೆಗೆ ಅವರು ಟೀಚರಕ್ಕನ ಮನೆಯ ಕರೆಗಂಟೆ ಒತ್ತಿದರು. ಬಾಗಿಲು ತೆಗೆದದ್ದು ಆಕೆಯ ಅತ್ತೆ. ಖಾಕಿ ಕಂಡು ಅಂಜುವ ಬದಲು ಸೊಂಟದ ಮೇಲೆ ಕೈ ಇಟ್ಟುಕೊಂಡರು.

"ಅಂತೂ ಬಂದ್ರಲ್ಲಪ್ಪ! ನಿನ್ನೆಯಿಂದ ಈ ಹುಡುಗಿ ನೆಟ್ಟಗೆ ಊಟ ಮಾಡಿಲ್ಲ, ಪೊಲೀಸ್ನೋರು ಬರ್ತಾರೆ ಬರ್ತಾರೆ ಅಂತ."

ಅತ್ತೆ ಹುಡುಗಿ ಎಂದದ್ದು ನಲವತ್ತೈದರ ಸೊಸೆಯನ್ನು. ಟೀಚರಕ್ಕ ಊಟದ ಮೇಜಿನ ಹತ್ತಿರ ನಿಂತಿದ್ದರು. ಮೇಜಿನ ಮೇಲೆ ನಾಲ್ಕು ಟ್ಯಾಬ್ಲೆಟ್, ನಾಲ್ಕು ಕ್ಲಾಂಪು, ಕೆಳಗೆ ಹಾಸಿದ ಟವೆಲ್. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಇನ್ಸ್‌ಪೆಕ್ಟರ್ ಬೇಕಾದಷ್ಟು ಕಂಡಿದ್ದರು. ಈ ಹೆಂಗಸು ಕುಂಬಳಕಾಯಿಯನ್ನೇ ಎದುರಿಗಿಟ್ಟುಕೊಂಡು ಕಾಯುತ್ತಿದ್ದರು.

"ಇವನ್ನ ತಗೊಂಡಿದ್ದು..."

"ನಾನು. ಶುಕ್ರವಾರ ಸಂಜೆ ಎಲ್ಲರೂ ಹೋದ ಮೇಲೆ. ಒಬ್ಬಳೇ. ಒಂದು ಗೀರೂ ಬಿದ್ದಿಲ್ಲ, ನೋಡ್ಕೊಳ್ಳಿ. ಇಷ್ಟೊತ್ತು ಯಾಕಾಯ್ತು ನಿಮಗೆ?"

"ನೀವೇ ಬಂದು ಹೇಳಬಹುದಿತ್ತಲ್ಲ ಮೇಡಂ?"

"ಕ್ಲಬ್ಬಲ್ಲಿ ಹೇಳಿದ್ರೆ ಕ್ಲಬ್ಬಲ್ಲೇ ಮುಚ್ಚಿಹಾಕ್ತಿದ್ರು. ಅವರೇ ದೂರು ಕೊಡಲಿ ಅಂತ ಕಾದೆ."

"ಯಾಕೆ ತಗೊಂಡ್ರಿ?"

"ಮೂರು ಮೀಟಿಂಗಲ್ಲಿ ಹೇಳಿದೆ. ತೊಡೆಗೆ ಕಟ್ಟಿಕೊಳ್ಳೋ ಅಂಗೈಯಗಲದ ಟ್ಯಾಬ್ಲೆಟ್ ಸಾಕು, ಮೊದಲಿದ್ದಿದ್ದೇ ಸಾಕು, ಇದು ಬೇಡ ಅಂದೆ. ಕಾರ್ಯದರ್ಶಿಗಳು ಸೀಟು ಹಿಂದಕ್ಕೆ ತಳ್ಕೊಂಡು, ಕಾಲು ಚಾಚ್ಕೊಂಡು ಕೂತು ಪರೀಕ್ಷೆ ಮಾಡಿದ್ರು. ಅವರಿಗೂ ಯೋಕಿಗೂ ನಡುವೆ ಮದುವೆ ಚಪ್ಪರ ಹಾಕಬಹುದು, ಅಷ್ಟು ಜಾಗ! ನನಗೇನೂ ತೊಂದ್ರೆ ಆಗಲಿಲ್ಲ, ಇದು ನಿಮ್ಮ ಎತ್ತರದ ಸಮಸ್ಯೆ ಅಂದ್ರು. ದೊಡ್ಡ ಪರದೆ, ಜಾಹೀರಾತಿನ ಫೋಟೋದಲ್ಲಿ ಚೆನ್ನಾಗಿ ಕಾಣುತ್ತಂತೆ. ಸೋಮವಾರ ಆ ಹುಡುಗಿ ಮತ್ತೆ ಅದೇ ಯೋಕ್ ಎಳೀಬೇಕು, ಒಬ್ಬಳೇ. ಚಕ್ರ ಬಗ್ಗಿದ್ರೆ ರಿಪೇರಿ ಮಾಡಬಹುದು ಇನ್ಸ್‌ಪೆಕ್ಟ್ರೇ. ಅವಳನ್ನ ಮಾಡೋಕಾಗಲ್ಲ."

ಜಪ್ತಿ ಪಂಚನಾಮೆ ಅದೇ ಮೇಜಿನ ಮೇಲೆ ಬರೆಯಲಾಯಿತು. ಸಹಿ ಆದ ಮೇಲೆ ಇನ್ಸ್‌ಪೆಕ್ಟರ್ ತಕ್ಷಣ ಏಳಲಿಲ್ಲ. ಆರೋಪಿಯ ಮಾತು ಆರೋಪಿಯ ಮಾತು. ಅದು ನಿಜವೋ ಸುಳ್ಳೋ ನೋಡುವುದು ತನ್ನ ಕೆಲಸ ಎಂದು ಅವರಿಗೆ ಅನ್ನಿಸಿತು. ಪಂಚರನ್ನು, ಆರೋಪಿಯನ್ನು, ಕಾರ್ಯದರ್ಶಿಯನ್ನು ಹ್ಯಾಂಗರಿಗೆ ಕರೆಸಿದರು.

ಹನ್ನೆರಡೂವರೆಗೆ ಮೆಕ್ಯಾನಿಕ್ ಒಂದು ಟ್ಯಾಬ್ಲೆಟ್ಟನ್ನು ಮೊದಲಿದ್ದಂತೆಯೇ ಕೂರಿಸಿದ. ಕಾಳುಮೆಣಸು ಸೀಟನ್ನು ಮುಂದೆ ಎಳೆದುಕೊಂಡು, ಬೆಲ್ಟು ಕಟ್ಟಿ, ಯೋಕನ್ನು ಎಳೆದಳು. ಮುಕ್ಕಾಲು ದೂರ ಬಂದು ನಿಂತಿತು. ಇನ್ನೂ ಎಳೆದಳು. ಅಂಚು ಹೊಟ್ಟೆಗೆ ಒತ್ತಿತು, ಯೋಕು ಬರಲಿಲ್ಲ. ತಿರುಗಿಸಿದಾಗ ಮೂಲೆ ತೊಡೆಗೆ ಬಡಿಯಿತು.

ಟ್ಯಾಬ್ಲೆಟ್ ತೆಗೆಸಿ ಮತ್ತೆ ಎಳೆಸಿದರು. ಯೋಕು ಪೂರ್ತಿ ಹಿಂದೆ ಬಂತು.

ಕಾಳುಮೆಣಸು ಹೊಟ್ಟೆ ಉಜ್ಜಿಕೊಳ್ಳುತ್ತಾ ಇಳಿದಳು. "ಬರ್ಕೊಳ್ಳಿ ಸಾರ್. ನೆಲ ಡೊಂಕೇ ಇದೆ."

ಕಾರ್ಯದರ್ಶಿಯ ಮುಖ ಕೆಂಪಾಯಿತು. "ಇದೆಲ್ಲ ಪಂಚನಾಮೆಗೆ ಯಾಕ್ರೀ? ನಾನು ಕಳವಿನ ದೂರು ಕೊಟ್ಟಿದ್ದು!"

"ಕಳವಿಗೆ ಕಾರಣ ಏನು ಅಂತ ಕೋರ್ಟು ಕೇಳುತ್ತೆ ಸಾರ್," ಎಂದು ಇನ್ಸ್‌ಪೆಕ್ಟರ್ ಬರೆಯುತ್ತಲೇ ಹೋದರು. ಬರೆಯುವಾಗ ಅವರಿಗೆ ಒಳಗೊಳಗೇ ಖುಷಿಯಾಗಿತ್ತು. ತನಿಖಾಧಿಕಾರಿಗೆ ಖುಷಿ ಸಲ್ಲದು, ಆದರೂ ಆಗಿತ್ತು.

ಕಾರ್ಯದರ್ಶಿ ಸ್ವಲ್ಪ ಹೊತ್ತು ಅತ್ತಿತ್ತ ಓಡಾಡಿ, ದನಿ ಇಳಿಸಿ ಟೀಚರಕ್ಕನ ಬಳಿ ಬಂದರು. "ನೋಡಮ್ಮಾ, ಇಷ್ಟು ವರ್ಷ ಒಟ್ಟಿಗೆ ಕೆಲಸ ಮಾಡಿದೀವಿ. ಕೇಸಾದ್ರೆ ನಿನ್ನ ಲೈಸೆನ್ಸಿಗೇ ಕುತ್ತು. ಎಲ್ಲರೆದುರು ತಪ್ಪಾಯ್ತು ಅನ್ನು, ದೂರು ವಾಪಸ್ ತಗೊಳ್ಳೋ ದಾರಿ ನೋಡ್ತೀನಿ. ಟ್ಯಾಬ್ಲೆಟ್ ಇವತ್ತೇ ವಾಪಸ್ ಕೂರಿಸೋಣ."

ಎಲ್ಲರೂ ಆಕೆಯ ಮುಖ ನೋಡಿದರು. ಹೊರಗೆ ರನ್‌ವೇ ಅಂಚಿನಲ್ಲಿ ಗಾಳಿಯ ದಿಕ್ಕು ತೋರಿಸುವ ಬಟ್ಟೆಚೀಲ ಪಟಪಟ ಬಡಿದುಕೊಳ್ಳುತ್ತಿತ್ತು. ಆಕೆ ಇಪ್ಪತ್ತು ವರ್ಷ ಈ ರನ್‌ವೇಯಿಂದಲೇ ಮೇಲೇರಿದವರು. ಬೇರೆ ಕಸುಬು ಗೊತ್ತಿಲ್ಲ.

"ಇನ್ಸ್‌ಪೆಕ್ಟ್ರೇ, ಜಪ್ತಿ ಮಾಡಿದ ವಸ್ತು ಎಲ್ಲಿರುತ್ತೆ?"

"ಠಾಣೆಯ ಮುದ್ದೆಮಾಲು ಕೋಣೇಲಿ."

"ಎಷ್ಟು ದಿನ?"

"ಕೋರ್ಟು ಬಿಡು ಅನ್ನೋವರೆಗೆ. ಅರ್ಜಿ, ತಕರಾರು, ಅದು ಇದು... ತಿಂಗಳುಗಟ್ಟಲೆ ಆಗಬಹುದು."

"ಹಾಗಾದ್ರೆ ತಪ್ಪಾಯ್ತು ಅನ್ನಲ್ಲ," ಟೀಚರಕ್ಕ ಕಾರ್ಯದರ್ಶಿಯ ಮುಖ ನೋಡಲು ಕತ್ತೆತ್ತಿ ಹೇಳಿದರು. "ಕೇಸಾಗಲಿ. ಅಲ್ಲೀವರೆಗೆ ಮಕ್ಕಳು ಹಳೇದನ್ನ ತೊಡೆಗೆ ಕಟ್ಕೊಂಡು ಹಾರಲಿ. ಸ್ಟೋರಲ್ಲಿ ಬಿದ್ದಿವೆ, ಚಾರ್ಜ್ ಮಾಡಿಟ್ಟಿದೀನಿ."

ಕಾರ್ಯದರ್ಶಿಗೆ ಆಗ ಅರ್ಥವಾಯಿತು. ದೂರು ಕೊಟ್ಟು ಆ ನಾಲ್ಕನ್ನೂ ಬೀಗದೊಳಗೆ ಹಾಕಿಸಿದ್ದು ತಾವೇ.

ಮಧ್ಯಾಹ್ನ ಎರಡು ಹತ್ತಕ್ಕೆ ಆರೋಪಿಯ ಬಂಧನವಾಯಿತು. ಹ್ಯಾಂಗರಿಗೂ ಬೆನ್ನುಹತ್ತಿ ಬಂದಿದ್ದ ಅತ್ತೆ ಜೀಪಿನ ಬಾಗಿಲು ಹಿಡಿದುಕೊಂಡು, "ನಮ್ಮ ಹುಡುಗೀನ ಮುಂದಿನ ಸೀಟಲ್ಲಿ ಕೂರಿಸಿ. ತಲೆ ತಗ್ಗಿಸೋ ಕೆಲಸ ಏನೂ ಮಾಡಿಲ್ಲ," ಎಂದು ಹಟ ಹಿಡಿದರು. ನಿಯಮದಲ್ಲಿ ಅದಕ್ಕೆ ಅವಕಾಶವಿಲ್ಲ. ಕಾಳುಮೆಣಸು ಹಿಂದಿನ ಸೀಟನ್ನು ಕೈಯಿಂದ ಒರೆಸಿ, ಆಕೆಯ ಪಕ್ಕದಲ್ಲೇ ಕೂತಳು.

ವಿಚಾರಣೆಯಲ್ಲಿ ಟೀಚರಕ್ಕ ತಮ್ಮ ಬಗ್ಗೆ ಹೇಳಿಕೊಂಡದ್ದು ಕಡಿಮೆ. ಕಲಿಯಲು ಬಂದ ಮೊದಲ ದಿನ ಅವರಿಗೂ ಯಾರೋ ನಿನ್ನ ಎತ್ತರದ ಸಮಸ್ಯೆ ಎಂದಿದ್ದರಂತೆ. ಅಂದಿನಿಂದ ಬೆನ್ನಿಗೊಂದು, ಕೂರಲೊಂದು ದಿಂಬು ಮನೆಯಿಂದ ಹೊತ್ತು ತಂದು ಹಾರಿದರು. ಅದನ್ನು ತಮ್ಮ ಕೊರತೆ ಎಂದೇ ನಂಬಿ, ವರ್ಷಗಟ್ಟಲೆ ನಾಚಿಕೆಪಟ್ಟರು. ಆ ಹುಡುಗಿ ಹೊಟ್ಟೆಯ ಮೇಲಿನ ನೀಲಿ ಬರೆ ತೋರಿಸಿ, "ನಾನು ಇನ್ನೂ ಸ್ವಲ್ಪ ತೆಳ್ಳಗಾಗಬೇಕಿತ್ತು ಅಕ್ಕ," ಎಂದು ಅತ್ತ ದಿನ ಅವರ ತಾಳ್ಮೆ ಮುಗಿಯಿತು. ಅದಕ್ಕಿಂತ ಹೆಚ್ಚಿನ ಕಾರಣ ಇನ್ಸ್‌ಪೆಕ್ಟರಿಗೆ ಸಿಗಲಿಲ್ಲ, ಅವರು ಹುಡುಕಲೂ ಇಲ್ಲ.

ಸೋಮವಾರ ಬೆಳಿಗ್ಗೆ ನ್ಯಾಯಾಲಯದ ಹಜಾರದಲ್ಲಿ ಟೀಚರಕ್ಕ ಬೆಂಚಿನ ತುದಿಯಲ್ಲಿ ಕೂತು ಗೋಡೆ ಗಡಿಯಾರ ನೋಡುತ್ತಿದ್ದರು. ಅವರ ಸರದಿ ಇನ್ನೂ ಬಂದಿರಲಿಲ್ಲ. ಕಾಳುಮೆಣಸಿನ ಫೋನ್ ಗುನುಗಿತು. ಆಕೆ ಕೇಳಿಸಿಕೊಂಡು, ಎರಡೇ ಮಾತಾಡಿ, ಫೋನನ್ನು ಜೇಬಿಗೆ ಹಾಕಿದಳು. ಆರೋಪಿಗೆ ಹೊರಗಿನ ಸುದ್ದಿ ಮುಟ್ಟಿಸಬಾರದು ಎಂಬುದು ಅವಳಿಗೂ ಗೊತ್ತಿತ್ತು.

"ಇಳಿದಳಂತೆ ಅಕ್ಕ," ಎಂದಳು. "ಬೆಣ್ಣೆ ಹಾಗೆ."

ಟೀಚರಕ್ಕ ಗಡಿಯಾರದಿಂದ ಕಣ್ಣು ತೆಗೆದರು. ಒಳಗಿನಿಂದ ಅವರ ಕೇಸು ಕೂಗಿದರು. ಸೀರೆಯ ನೆರಿಗೆ ಸರಿಮಾಡಿಕೊಂಡು ಎದ್ದು, ಯಾರೂ ಕೈ ಹಿಡಿಯುವ ಮೊದಲೇ ತಾವಾಗಿ ಒಳಗೆ ನಡೆದರು.