ಋಷಿಗಳ ಕನ್ನಡಕ

ಪ್ರತಿ ಶನಿವಾರ ನಾಲ್ಕು ಗಂಟೆಗೆ ಸರಿಯಾಗಿ ಅವರ ಕನ್ನಡಕ ಸಡಿಲವಾಗುತ್ತಿತ್ತು.

ನಮ್ಮದು ಕನ್ನಡಕದ ಅಂಗಡಿ. ಹಿಂದಿನ ಕೋಣೆಯಲ್ಲಿ ಅವರು ಗಾಜು ಉಜ್ಜಿ ಫ್ರೇಮಿಗೆ ಕೂರಿಸುತ್ತಾರೆ. ಮುಂದೆ ನಾನು ಅದನ್ನು ಗಿರಾಕಿಗಳ ಮೂಗಿಗೆ, ಕಿವಿಗೆ ಹೊಂದಿಸುತ್ತೇನೆ. ಮಾತು ಕಡಿಮೆ ಎಂದು ನಾವೆಲ್ಲ ಅವರಿಗಿಟ್ಟ ಹೆಸರು ಋಷಿಗಳು. ಒಂದು ವರ್ಷದ ಹಿಂದೆ ಋಷಿಗಳೂ ಕನ್ನಡಕ ಹಾಕಿಕೊಂಡರು. ಅಂದಿನಿಂದ ಶನಿವಾರ ತಪ್ಪದೆ ನನ್ನೆದುರಿನ ಸ್ಟೂಲಿನಲ್ಲಿ ಕೂತು, "ಸ್ವಲ್ಪ ಜಾರ್ತಾ ಇದೆ, ನೋಡ್ತೀರಾ?" ಎನ್ನುತ್ತಿದ್ದರು. ನಾನು ಸ್ಕ್ರೂ ಬಿಗಿ ಮಾಡಿ, ಕಿವಿಯ ಹಿಂದೆ ಬೆರಳಾಡಿಸಿ ನೋಡುತ್ತಿದ್ದೆ. ಅವರ ರೆಪ್ಪೆಗಳು ಹೆಂಗಸರು ಹೊಟ್ಟೆಕಿಚ್ಚು ಪಡುವಷ್ಟು ಉದ್ದ. ನನಗೆ ಹೊಟ್ಟೆಕಿಚ್ಚಾಗಲಿಲ್ಲ, ಪ್ರೀತಿಯಾಯಿತು.

ಆದರೆ ಋಷಿಗಳು ಬಾಯಿ ಬಿಡಬೇಕಲ್ಲ. ಯಜಮಾನರು ಬೇರೆ ಊರಿನಲ್ಲಿ ಹೊಸ ಅಂಗಡಿ ತೆರೆಯುವವರಿದ್ದರು. ನೋಡಿಕೊಳ್ಳಲು ನಾನು ಹೋಗಬೇಕಂತೆ. ಶನಿವಾರ ಸಂಜೆಯೊಳಗೆ ಉತ್ತರ ಹೇಳು ಎಂದಿದ್ದರು. ಅವತ್ತೂ ಇವರು ತುಟಿ ಪಿಟಕ್ಕೆನ್ನದಿದ್ದರೆ ಹೂಂ ಎಂದುಬಿಡುವುದೆಂದು ನಾನೂ ಹಟ ಹಿಡಿದಿದ್ದೆ.

ಅದೇ ಶನಿವಾರ ಶಾಲೆಯೊಂದರ ಮುನ್ನೂರು ಕನ್ನಡಕಗಳ ಕೆಲಸ ಮುಗಿಯಿತು. ಆ ಖುಷಿಗೆ ಯಜಮಾನರು ಬೇಗ ಬಾಗಿಲು ಹಾಕಿಸಿ, ಎಲ್ಲರನ್ನೂ ಐದೂವರೆಯ ತ್ರೀಡಿ ಸಿನಿಮಾಕ್ಕೆ ಕರೆದುಕೊಂಡು ಹೊರಟರು. ಗಡಿಬಿಡಿಯಲ್ಲಿ ನಾಲ್ಕು ಗಂಟೆಯ ಸ್ಕ್ರೂ ಹಾಗೇ ಉಳಿಯಿತು.

ಬಿಲ್ಲು ಬರೆಯುವ ಚಿಕ್ಕಮ್ಮ, ಅಂದರೆ ಇಡೀ ಅಂಗಡಿಯ ಚಿಕ್ಕಮ್ಮ, ಥಿಯೇಟರಿನಲ್ಲಿ ನಮ್ಮಿಬ್ಬರ ನಡುವೆ ಕೂರಲು ಬಂದವರು ನನ್ನ ಮುಖ ಒಮ್ಮೆ, ಅವರ ಮುಖ ಒಮ್ಮೆ ನೋಡಿ ನನ್ನ ಆಚೆಬದಿಗೆ ಸರಿದರು. ಕೊಟ್ಟ ತ್ರೀಡಿ ಕನ್ನಡಕವನ್ನು ತಮ್ಮ ಕನ್ನಡಕದ ಮೇಲೇ ಏರಿಸಿ, "ನಾಲ್ಕು ಕಣ್ಣಿತ್ತು, ಈಗ ಆರಾಯ್ತು ನೋಡಮ್ಮ" ಎಂದರು. ಋಷಿಗಳು ಮಾತ್ರ ತಮ್ಮದನ್ನು ತೆಗೆದು ನನ್ನ ಕೈಗಿಟ್ಟರು.

"ಸ್ವಲ್ಪ ಇಟ್ಕೊಂಡಿರಿ."

ಮುರಿದ ರೆಕ್ಕೆಯ ಡ್ರ್ಯಾಗನ್ ಒಂದನ್ನು ಅಜ್ಜಿಯೊಬ್ಬಳು ಅಟ್ಟದಲ್ಲಿ ಬಚ್ಚಿಟ್ಟು ಸಾಕುವ ಕಥೆ. ದಿನಾ ರೆಕ್ಕೆಗೆ ಪಟ್ಟಿ ಕಟ್ಟುತ್ತಾಳೆ. ವಾಸಿಯಾದ ದಿನ ಅದು ಹಾರಿ ಹೋಗಬೇಕು. ಮೊಮ್ಮಗಳು ಬಿಚ್ಚಿದ ಹಳೆಯ ನಕ್ಷೆ ತೆರೆಯ ತುಂಬ ಹರಡಿತು. ಮೂಲೆಯಲ್ಲಿ ಇರುವೆ ಸಾಲಿನಂಥ ಅಕ್ಷರ.

"ಏನಪ್ಪಾ ಬರ್ದಿರೋದು ಅಲ್ಲಿ?" ಚಿಕ್ಕಮ್ಮ ಕೇಳಿದರು.

"'ಹೋಗಲಾರದವರ ಬೆಟ್ಟ' ಅಂತಿದೆ," ಋಷಿಗಳು ತಡವರಿಸದೆ ಓದಿದರು.

ಕನ್ನಡಕ ನನ್ನ ಕೈಯಲ್ಲಿದೆ, ಇವರು ಹೇಗೆ ಓದಿದರು? ನನ್ನ ತ್ರೀಡಿಯನ್ನು ಹಣೆಗೇರಿಸಿದೆ. ಪವರ್ ಇರುವ ಗಾಜನ್ನು ಕಣ್ಣೆದುರು ಅತ್ತಿತ್ತ ಆಡಿಸಿದರೆ ಆಚೆಗಿನ ವಸ್ತುವೂ ಅಲುಗಿದಂತೆ ಕಾಣುತ್ತದೆ. ನಾನು ದಿನಾ ಮಾಡಿ ನೋಡುವ ಕೆಲಸ, ಇವರ ಕನ್ನಡಕಕ್ಕೆ ಮಾತ್ರ ಒಮ್ಮೆಯೂ ಮಾಡಿರಲಿಲ್ಲ. ಬಾಗಿಲ ಮೇಲಿನ ಕೆಂಪು ದೀಪದತ್ತ ಹಿಡಿದು ಆಡಿಸಿದೆ. ದೀಪ ಅಲುಗಲಿಲ್ಲ. ಬರೀ ಗಾಜು.

ತೆರೆಯ ಮೇಲೆ ಡ್ರ್ಯಾಗನ್, ಯಾರೂ ಇಲ್ಲದಾಗ ಅಟ್ಟದ ತುಂಬ ಹಾರಾಡಿ, ಅಜ್ಜಿಯ ಹೆಜ್ಜೆ ಸಪ್ಪಳ ಕೇಳಿದ್ದೇ ರೆಕ್ಕೆ ಜೋಲುಬಿಟ್ಟು ಮೂಲೆ ಸೇರಿತು. ಥಿಯೇಟರಿನ ಮಕ್ಕಳೆಲ್ಲ ನಕ್ಕರು.

"ಕಳ್ಳ," ಎಂದೆ ಮೆಲ್ಲಗೆ.

"ಪಾಪ, ಅದಕ್ಕೆ ಹೋಗೋಕೆ ಇಷ್ಟ ಇಲ್ಲ."

"ನಾನು ಡ್ರ್ಯಾಗನ್‌ಗೆ ಹೇಳಿದ್ದಲ್ಲ." ಕನ್ನಡಕವನ್ನು ಅವರೆದುರು ಹಿಡಿದು ಅತ್ತಿತ್ತ ಆಡಿಸಿದೆ.

ಅವರ ಕಿವಿ ಕೆಂಪಾದದ್ದು ತೆರೆಯ ಬೆಳಕಿನಲ್ಲೂ ಕಂಡಿತು. ನಿಧಾನಕ್ಕೆ ತ್ರೀಡಿ ತೆಗೆದು ನನ್ನತ್ತ ತಿರುಗಿದರು.

"ನಿಮ್ ಸ್ಟೂಲಲ್ಲಿ ಕೂರೋಕೆ ಕನ್ನಡಕ ಬೇಕಲ್ಲ, ಅದಕ್ಕೆ ಮಾಡ್ಕೊಂಡೆ."

"ಮತ್ತೆ ಸ್ಕ್ರೂ?"

"ಶುಕ್ರವಾರ ನಾನೇ ಸಡಿಲ ಮಾಡ್ತಿದ್ದೆ."

"ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು?"

"ನೀವು ಬೇಡ ಅಂದ್ಬಿಟ್ರೆ ಶನಿವಾರನೂ ಹೋಗುತ್ತಲ್ಲ ಅಂತ ಭಯ." ಒಂದು ವರ್ಷದ ಮಾತನ್ನೆಲ್ಲ ಒಟ್ಟುಮಾಡಿದರು. "ಹೊಸ ಅಂಗಡಿಗೆ ಹೋಗ್ಬೇಡಿ. ನೀವಂದ್ರೆ ನಂಗೆ ತುಂಬಾ ಇಷ್ಟ."

ನನ್ನ ಕಣ್ಣು ತುಂಬಿಬಂತು. ಅವರ ಕೈ ಹಿಡಿದುಕೊಂಡೆ. ಅತ್ತ ಅಜ್ಜಿಗೆ ಮೊದಲಿನಿಂದಲೂ ಎಲ್ಲ ಗೊತ್ತಿತ್ತಂತೆ. ಪಟ್ಟಿ ಬಿಚ್ಚಿ ಎಸೆದು, ಇಲ್ಲೇ ಇರು ಎಂದಳು. ಚಿಕ್ಕಮ್ಮ ಎರಡೂ ಕನ್ನಡಕ ಎತ್ತಿ ಕಣ್ಣೊರೆಸಿಕೊಂಡರು.

ಹೊರಗೆ ಬಂದಾಗ ಯಜಮಾನರು ಕೇಳಿದರು. "ಏನಮ್ಮಾ, ಏನು ತೀರ್ಮಾನ ಮಾಡ್ದೆ?"

"ಬೇರೆ ಯಾರನ್ನಾದ್ರೂ ಕಳಿಸಿ ಸರ್. ನಂಗೆ ಇಲ್ಲೇ ಕೆಲಸ ಇದೆ."

"ಅಬ್ಬಾ, ಅಂತೂ ಆಯ್ತು," ಚಿಕ್ಕಮ್ಮ ಉಸಿರುಬಿಟ್ಟರು. "ಆ ಕನ್ನಡಕದ ಬಿಲ್ಲು ಬರ್ದಿದ್ದು ನಾನೇ. ಪವರ್ ಇರೋ ಕಡೆ ಸೊನ್ನೆ. ಒಂದು ವರ್ಷ ಬಾಯಿ ಮುಚ್ಕೊಂಡಿದ್ದೆ ನಾನು."

ಎಲ್ಲರೂ ನಗುತ್ತ ಮೆಟ್ಟಿಲಿಳಿದರು. ಋಷಿಗಳು ಹಿಂದೆ ಉಳಿದರು.

"ಇವತ್ತಿಂದು ಬಾಕಿ ಇದೆ," ಎಂದರು ಸಂಕೋಚದಿಂದ. "ಸ್ಕ್ರೂ."

"ಅದಿನ್ಯಾಕೆ? ಇನ್ಮೇಲೆ ಸುಮ್ನೆ ಬನ್ನಿ."

ಕನ್ನಡಕವನ್ನು ಮಡಚಿ ಅವರ ಜೇಬಿಗಿಟ್ಟೆ. ಆಮೇಲೆ, ಏನೂ ಇಲ್ಲದ ಕಿವಿಯ ಹಿಂದೆ ಎಂದಿನಂತೆ ಬೆರಳಾಡಿಸಿ ನೋಡಿದೆ. ಸರಿಯಾಗಿತ್ತು.