ಕಿಸೆಯಲ್ಲಿಟ್ಟ ಫ್ಯೂಸು

ಸುಳ್ಳು ಹೇಳಿ ನನಗೇನೂ ಆಗಬೇಕಾಗಿಲ್ಲ. ನನಗೆ ಹವ್ಯಾಸಿಗಳು ದೂರದೂರದವರೊಂದಿಗೆ ಮಾತಾಡುವ ಹ್ಯಾಮ್ ರೇಡಿಯೋ ಕಲಿಸಿದವರು ಕಮಲಾಪುರದ ದತ್ತಪ್ಪ ಮಾಸ್ತರು. ಅವರು ತೀರಿಕೊಂಡ ಮೇಲೆ ಹೆಂಡತಿ ಪುತಳಾಬಾಯಿ, ಮಾಸ್ತರರ ರೇಡಿಯೋದ ಭಾರಿ ಆಂಪ್ಲಿಫೈಯರನ್ನು ನನಗೇ ಕೊಟ್ಟರು.

"ಬಿಚ್ಚೂ ಮುಂದ ಫ್ಯೂಸ್ ತೆಗೆದು ಕಿಸೆಯಾಗ ಇಡು. ಎಡಗೈನೂ ಅಲ್ಲೇ ಇರ್ಲಿ. ಎರಡೂ ಕೈ ಹಚ್ಚಿದ್ರ ಕರೆಂಟ್ ಎದಿಯಾಗಿಂದ ಹಾಯ್ತದ," ಎನ್ನುತ್ತಿದ್ದರು ಮಾಸ್ತರು.

ಐವಾನ್-ಎ-ಶಾಹಿ ಬಡಾವಣೆಯ ನನ್ನ ಮನೆ, ಮೇ ತಿಂಗಳ ಉರಿ ಮಧ್ಯಾಹ್ನ. ಆಂಪ್ಲಿಫೈಯರಿನಲ್ಲಿ ಫ್ಯೂಸಿನ ಜಾಗ ಖಾಲಿಯಿತ್ತು. ಹೊಸದೊಂದು ಹಾಕಿ ಚಾಲೂ ಮಾಡಿದೆ. ಸುಟ್ಟ ವಾಸನೆ ಬಂತು. ಆರಿಸಿ, ಫ್ಯೂಸನ್ನು ಕಿಸೆಗಿಟ್ಟು, ಎಡಗೈಯನ್ನೂ ಅಲ್ಲೇ ಬಿಟ್ಟು, ಬಲಗೈಯಿಂದ ಮುಚ್ಚಳ ಬಿಚ್ಚಿದೆ. ಆರಿಸಿದ ಮೇಲೂ ಒಳಗುಳಿಯುವ ಕರೆಂಟನ್ನು ಅರ್ಥಿಂಗ್ ಕೋಲಿನಿಂದ ನೆಲಕ್ಕಿಳಿಸುವುದು ಮರೆತೇಹೋಯಿತು. ಸಡಿಲವಾದ ತಂತಿ ಹಿಡಿಯಲು ಎರಡೂ ಕೈ ಚಾಚಹೊರಟೆ.

ಎಡಗೈ ಕಿಸೆಯಿಂದ ಹೊರಬರಲಿಲ್ಲ. ಮಣಿಕಟ್ಟಿನ ಸುತ್ತ ಬಾವಿನೀರಿನಂಥ ತಂಪು, ಐದು ಬೆರಳುಗಳ ಬಿಗಿ.

ಆಗ ಕೋಲು ನೆನಪಾಯಿತು. ಬಲಗೈಯಿಂದ ಅದನ್ನೆತ್ತಿ ಒಳಗೆ ಮುಟ್ಟಿಸಿದೆ. ಢಬ್ಬೆಂದು ನೀಲಿ ಕಿಡಿ ಹಾರಿತು. ಹಿಡಿತ ಸಡಿಲಾಯಿತು.

ಪುತಳಾಬಾಯಿಗೆ ಫೋನ್ ಮಾಡಿ, ಆಂಪ್ಲಿಫೈಯರಿನ ಹಳೇ ಫ್ಯೂಸ್ ಎಲ್ಲಿ ಎಂದು ಕೇಳಿದೆ.

"ಅವರ ಕಿಸೆಯಾಗೇ ಇಟ್ಟು ಮಣ್ಣು ಮಾಡೀವಪಾ. ಯಾಕ?"

ಕಿಸೆಯಲ್ಲಿದ್ದುದನ್ನು ಅಂಗೈಗೆ ತೆಗೆದುಕೊಂಡೆ. ಎರಡು ಫ್ಯೂಸುಗಳಿದ್ದವು. ಒಂದು ಇನ್ನೂ ತಣ್ಣಗಿತ್ತು.